ತಿಮ್ಮೇಶ ಡಿಮ್ ಮಾಡದ ಲೈಟು

ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ನಾಲೆಯ ಸೇತುವೆ ದಾಟಿದ ಕೂಡಲೇ ಸಿಗುವ ಪುಟ್ಟಲಕ್ಷ್ಮಮ್ಮನ ಟೀ ಅಂಗಡಿಯಲ್ಲಿ ಆ ಸಂಜೆ ಮಳೆಗೆ ಸಿಕ್ಕಿಕೊಂಡವರು ಏಳೆಂಟು ಮಂದಿ. ಬಸ್ಸಿನ ಸುಳಿವಿರಲಿಲ್ಲ, ಕರೆಂಟು ಹೋಗಿತ್ತು, ಒಲೆಯ ಬೆಳಕಲ್ಲೇ ಮುದುಕಿ ಬೋಂಡ ಬಿಡುತ್ತಿದ್ದಳು. ಅಷ್ಟರಲ್ಲಿ ಒಂದು ಹಳೆಯ ಪಿಕಪ್ಪು ರಸ್ತೆಯಿಂದ ಅಂಗಡಿಯ ಕಡೆ ತಿರುಗಿತು ನೋಡಿ, ಒಳಗಿದ್ದವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿಯುವಂಥ ಬಿಳಿ ಬೆಳಕು. ಪುಟ್ಟಲಕ್ಷ್ಮಮ್ಮ ಕೈಯಲ್ಲಿದ್ದ ಜಾಲರಿ ಸೌಟಿನ ಸಮೇತ ಮಳೆಗೆ ಇಳಿದು, ಗಾಡಿಯ ಬಾನೆಟ್ಟಿಗೆ ಅದರಿಂದಲೇ ಎರಡೇಟು ಹಾಕಿದಳು.

ಗಾಡಿಯವನು ಬಾಬುರಾಯನಕೊಪ್ಪಲಿನ ಅಶೋಕ್, ತರಕಾರಿ ಹೇರುವವನು. ಲೈಟು ಆರಿಸಿ ಒಳಗೆ ಬಂದು ಕೂತ. ಬೈಸಿಕೊಂಡರೂ ಮುಖದ ಮೇಲಿನ ಹಿಗ್ಗು ಇಳಿದಿರಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರ ಹೋಗಲೇ ಇಲ್ಲ, ಮೊಬೈಲಿನಲ್ಲಿ ನೋಡಿಕೊಂಡು ತಲೆಯ ಮೇಲಿನ ಆ ಎಲ್‌ಇಡಿ ಬಾರನ್ನು ತಾನೇ ಕೂರಿಸಿದೆ, ವೈರನ್ನೂ ತಾನೇ ಎಳೆದೆ ಎಂದು ಪಕ್ಕದವರಿಗೆ ಹೇಳತೊಡಗಿದ. ಪುಟ್ಟಲಕ್ಷ್ಮಮ್ಮ ಟೀ ಲೋಟವನ್ನು ಅವನ ಮುಂದೆ ಕುಕ್ಕಿದಳು. ಕೆಂಡ ಕೆದಕಿ, ಸೆರಗಲ್ಲಿ ಮುಖ ಒರೆಸಿಕೊಂಡು, ಎಲ್ಲರ ಕಡೆಗೂ ತಿರುಗಿ ಕೂತಳು.

"ಕೇಳ್ರಪ್ಪ... ಇದು ಯಾರೋ ಎಲ್ಲೋ ಕಂಡ ದೆವ್ವ ಅಲ್ಲ. ನನ್ನ ಬೆನ್ನಿಗೆ ಬಿದ್ದ ತಮ್ಮ. ಯೋಳ್ತೀನಿ, ಪೂರಾ ಕೇಳಿ ಆಮ್ಯಾಕೆ ಗಾಡಿ ಅತ್ತಿ."

ಅವಳ ತಮ್ಮ ಚಿಕ್ಕಯ್ಯ. ಎರಡು ಹಸು ಕಟ್ಟಿಕೊಂಡು, ಹೊತ್ತಿಗೆ ಸರಿಯಾಗಿ ಮೊಪೆಡ್ಡಿನಲ್ಲಿ ಕ್ಯಾನು ಇಟ್ಟುಕೊಂಡು ಡೇರಿಗೆ ಹೋಗಿ ಬರುತ್ತಿದ್ದವನು. ಅಪ್ಪ ಕುಡಿದು ಕುಡಿದು ಮನೆಯನ್ನು ಮೂರಾಬಟ್ಟೆ ಮಾಡಿದ್ದನ್ನು ಕಂಡು ಬೆಳೆದವನು, ಹೆಂಡದಂಗಡಿಯ ಮುಂದೆ ಹಾಯಬೇಕಾದರೆ ಸುತ್ತುಬಳಸಿ ಹೋಗುತ್ತಿದ್ದವನು. ಎಲೆಯಡಿಕೆ ಬಿಟ್ಟು ಬೇರೆ ವಾಸನೆ ಅವನ ಬಾಯಿಂದ ಬಂದದ್ದನ್ನು ಹೆಂಡತಿ ಸರಸಮ್ಮ ಕಂಡಿರಲಿಲ್ಲ, ಅಕ್ಕ ಕಂಡಿರಲಿಲ್ಲ, ಊರೂ ಕಂಡಿರಲಿಲ್ಲ. ಬಡವನಿಗೆ ಇರುವ ಆಸ್ತಿ ಇನ್ನೇನು? ಒಂದು ಒಳ್ಳೆಯ ಹೆಸರು... ಅದನ್ನೂ ಕಿತ್ತುಕೊಂಡರೆ ಅವನು ಮಣ್ಣಲ್ಲಿ ಮಲಗಿಯಾನೇ?

ಕಿತ್ತುಕೊಂಡವನು ಅದೇ ಊರಿನ ತಿಮ್ಮೇಶ. ಅವನದೂ ಹಳೆಯ ಪಿಕಪ್ಪು. ಬಾಡಿ ತುಕ್ಕು ಹಿಡಿದು ಉದುರುತ್ತಿದ್ದರೂ ಒಡೆಯನ ಕಣ್ಣೆಲ್ಲ ಲೈಟಿನ ಮೇಲೆ, ಹಾರನ್ನಿನ ಮೇಲೆ. ಭಾನುವಾರ ಬಂತೆಂದರೆ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಹಲ್ಲಲ್ಲಿ ವೈರು ಸುಲಿದು, ಟೇಪು ಸುತ್ತಿ ಒಂದಲ್ಲ ಒಂದು ಸೇರಿಸುತ್ತಿದ್ದ. ಒಂದು ದಿನ ಡ್ಯಾಶ್‌ಬೋರ್ಡಿನ ಮೇಲಿದ್ದ ಮನೆದೇವರು ಭೈರವನ ಪಟಕ್ಕೆ ಪುಟ್ಟದೊಂದು ದೀಪ ಹಾಕಿದ. ಅದಕ್ಕೆ ಕರೆಂಟು ಎಲ್ಲಿಂದ ತಗೊಂಡ ಅಂತೀರಿ? ಕೈಗೆ ಸಿಕ್ಕ ವೈರಿನಿಂದ. ಅದು ಹೆಡ್‌ಲೈಟಿನ ಬ್ರೈಟಿನದು. ಲೈಟು ಬ್ರೈಟಿನಲ್ಲಿದ್ದರೆ ದೇವರ ದೀಪವೂ ಉರಿಯುತ್ತದೆ, ಎದುರಿನವರಿಗೆ ಡಿಮ್ ಮಾಡಿದರೆ ದೇವರ ದೀಪ ಆರಿಹೋಗುತ್ತದೆ.

ಮೊದಲ ಸಲ ಹಾಗೆ ಆರಿದಾಗ ಪಕ್ಕದಲ್ಲಿದ್ದ ಹೆಂಡತಿ ಉಮ ಬೆಚ್ಚಿಬಿದ್ದಳಂತೆ. ಮುಚ್ಚಂಜೆಯಲ್ಲಿ ದೇವರ ದೀಪ ಆರಬಾರದಲ್ಲವೇ? ಆರಿಸು ಎಂದು ಬಾಯಲ್ಲಿ ಅನ್ನುವುದಕ್ಕೂ ಹೆದರಿ, ದೀಪ ದೊಡ್ಡದು ಮಾಡು ಎನ್ನುವ ಜನ ನಾವು. ಆ ವೈರನ್ನು ಬಿಚ್ಚಿ ಬೇರೆ ಕಡೆ ಕೊಟ್ಟಿದ್ದರೆ ಮುಗಿದೇಹೋಗುತ್ತಿತ್ತು. ತಿಮ್ಮೇಶ ಅದನ್ನು ಮಾಡಲಿಲ್ಲ. ಇನ್ನು ಮೇಲೆ ಡಿಮ್ಮೇ ಮಾಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡ.

"ಭಕ್ತಿಯಂತೆ ಕಣ್ರಪ್ಪ, ಭಕ್ತಿ. ಎದುರುಗಡೆ ಬರೋರ ಕಣ್ಣು ಕುಕ್ಕಿ ನಂಗೆ ದೀಪ ಅಚ್ಚು ಅಂತ ಆ ಭೈರವ ಕೇಳಿದ್ನಾ? ಯಾವ ದೇವ್ರು ಕೇಳ್ತದೆ ಇದ?"

ಹೀಗೇ ಮಳೆ ಹಿಡಿದ ಒಂದು ಮುಚ್ಚಂಜೆ. ಚಿಕ್ಕಯ್ಯ ಹಾಲು ಹಾಕಿ ನಾಲೆ ಏರಿಯ ಮೇಲೆ ಮನೆಗೆ ವಾಪಸ್ಸು ಬರುತ್ತಿದ್ದ. ಒಂದು ಕಡೆ ಗದ್ದೆ, ಒಂದು ಕಡೆ ತುಂಬಿ ಹರಿಯುವ ನೀರು, ನಡುವೆ ಒಂದು ಗಾಡಿ ಹಿಡಿಸುವಷ್ಟೇ ದಾರಿ. ಎದುರಿಗೆ ತಿಮ್ಮೇಶನ ಪಿಕಪ್ಪು. ಕಣ್ಣಿಗೆ ಏನೂ ಕಾಣದೆ ಚಿಕ್ಕಯ್ಯ ತನ್ನ ಮೊಪೆಡ್ಡಿನ ಬಡಕಲು ಲೈಟನ್ನು ಆರಿಸಿ ಹತ್ತಿಸಿ ಬೇಡಿಕೊಂಡ... ಡಿಮ್ ಮಾಡಪ್ಪ, ಡಿಮ್ ಮಾಡಪ್ಪ ಅಂತ. ತಿಮ್ಮೇಶ ನೋಡಲಿಲ್ಲವೇ? ನೋಡಿದ. ಕೈಯನ್ನು ಸ್ವಿಚ್ಚಿನವರೆಗೂ ತಂದ. ದೇವರ ಪಟ ನೋಡಿ ಹಿಂದಕ್ಕೆ ತೆಗೆದ. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರೀ ಕತ್ತಲೆ, ಮೊಪೆಡ್ಡಿನ ಬೆಳಕೇ ಇಲ್ಲ. ಗಾಡಿ ನಿಲ್ಲಿಸಲಿಲ್ಲ, ಪುಣ್ಯಾತ್ಮ.

ಬೆಳಿಗ್ಗೆ ಹೆಣ ತೂಬಿನ ಹತ್ತಿರ ಸಿಕ್ಕಿತು. ಯಾರೂ ಕೇಳುವ ಮೊದಲೇ ತಿಮ್ಮೇಶ ಡೇರಿಯ ಮುಂದೆ ನಿಂತು, ಸಾಯಂಕಾಲ ನೋಡಿದ್ದೆ ಅವನನ್ನ, ಕುಡಿದು ಓಲಾಡಿಕೊಂಡು ಬರ್ತಿದ್ದ, ಎಂದುಬಿಟ್ಟ. ಊರಿಗೆ ಅಷ್ಟು ಸಾಕಾಗಿತ್ತು. ಅಪ್ಪನ ಹಾಗೇ ಮಗ ಎಂದರು. ಜೀವಮಾನವಿಡೀ ಅವನ ಕೈಯ ಹಾಲು ಕುಡಿದವರೇ, ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೇ ಎಂದರು.

ಆಮೇಲೆ ಹನ್ನೊಂದನೇ ದಿನದ ಕಾರ್ಯ. ಸತ್ತವನಿಗೆ ಏನು ಇಷ್ಟವೋ ಅದನ್ನು ಎಡೆಗೆ ಇಡುವುದು ನಮ್ಮಲ್ಲಿ ವಾಡಿಕೆ. ಬೀಡಿ ಸೇದುವವನಿಗೆ ಬೀಡಿ, ಕುಡಿಯುವವನಿಗೆ ಹೆಂಡ. ಸರಸಮ್ಮ ಮುದ್ದೆ, ಕಾಳಿನ ಸಾರು, ಒಂದು ಲೋಟ ಹಾಲು, ಎಲೆಯಡಿಕೆ ಇಟ್ಟು ಕೈಮುಗಿದಿದ್ದಳು. ತಿಮ್ಮೇಶ ಎಲ್ಲರ ಎದುರಿಗೆ ಬಂದು, ಅಣ್ಣನಿಗೆ ಇದೂ ಇರಲಿ ಎಂದು ಒಂದು ಬಾಟಲಿ ತಂದು ಎಡೆಯ ಪಕ್ಕ ಇಟ್ಟ. ತನ್ನ ಸುಳ್ಳನ್ನು ಸತ್ತವನ ಬಾಯಿಗೇ ಹಾಕಿದ ಹಾಗೆ. ಕಾಗೆ ಒಂದೂ ಎಡೆ ಮುಟ್ಟಲಿಲ್ಲ. ಅದಕ್ಕೂ ಊರಿನವರು ಏನೆಂದರು ಗೊತ್ತೇ? ಬಾಟಲಿಯ ಮುಚ್ಚಳ ತೆಗೆದಿಡಬೇಕಿತ್ತು ಎಂದರು.

ಇಲ್ಲಿಗೆ ಬಂದಾಗ ಯಾರೂ ಟೀ ಕುಡಿಯುತ್ತಿರಲಿಲ್ಲ. ಪುಟ್ಟಲಕ್ಷ್ಮಮ್ಮ ಒಲೆಗೆ ಇನ್ನೊಂದು ಸೌದೆ ತಳ್ಳಿ ಮಾತು ಮುಂದುವರಿಸಿದಳು.

ಅದೇ ಸಂಜೆ ತಿಮ್ಮೇಶ ನಾಲೆ ಏರಿಯ ಮೇಲೆ ಬರುತ್ತಿದ್ದಾನೆ. ಆ ಹಾಳು ಬೆಳಕಿನ ನಟ್ಟನಡುವೆ ಒಬ್ಬ ನಿಂತಿದ್ದಾನೆ, ಕಣ್ಣಿಗೆ ಮೊಣಕೈ ಅಡ್ಡ ಹಿಡಿದುಕೊಂಡು. ಬ್ರೇಕು ಒತ್ತಿದ. ಲೈಟು ತಾನೇ ಡಿಮ್ಮಿಗೆ ಇಳಿಯಿತು, ದೇವರ ದೀಪ ಆರಿತು. ಆ ಮನುಷ್ಯ ನಿಧಾನಕ್ಕೆ ನಡೆದುಕೊಂಡು ಕಿಟಕಿಯ ಹತ್ತಿರ ಬಂದ... ತಲೆಗೂದಲಿಂದ ನೀರು ಸೋರುತ್ತಿದೆ. ಒಳಗೆ ಬಗ್ಗಿ, ತಿಮ್ಮೇಶನ ಮೂಗಿಗೆ ಬಾಯಿ ತಂದು, ದೀರ್ಘವಾಗಿ ಉಸಿರು ಬಿಟ್ಟ.

"ಮೂಸ್ ನೋಡ್ಲಾ ತಿಮ್ಮೇಶ," ಅಂದ್ನಂತೆ. "ಕುಡ್ದಿವ್ನಾ ನಾನು?"

ಹೆಂಡದ ವಾಸನೆಯಲ್ಲ. ನಾಲೆಯ ಗೋಡುಮಣ್ಣಿನ ವಾಸನೆ, ಅದರ ಜೊತೆಗೆ ಹಸಿ ಹಾಲಿನದು. ತಿಮ್ಮೇಶ ಬಾಯಿ ಬಿಡಲಿಲ್ಲ.

ಮಾರನೆಯ ದಿನ ತಾನು ಹಾಕಿದ್ದನ್ನೆಲ್ಲ ತಾನೇ ಕಿತ್ತ. ತಲೆಯ ಮೇಲಿನ ಲೈಟಿನ ಬಾರು, ಹಾರನ್ನು, ಸ್ಪೀಕರು, ಕೊನೆಗೆ ಆ ದೇವರ ದೀಪವನ್ನೂ ಕಿತ್ತ. ಅಷ್ಟು ಮಾಡಿದರೆ ತೀರಿತು ಎಂದುಕೊಂಡನೋ ಏನೋ. ಚಿಕ್ಕಯ್ಯ ಬಂದದ್ದು ಲೈಟಿನ ವ್ಯಾಜ್ಯಕ್ಕಾದರೆ ತಾನೇ? ಸಂಜೆ ಮತ್ತೆ ನಿಂತಿದ್ದ. ತಿಮ್ಮೇಶ ಗಡಬಡಿಸಿ ಎರಡೂ ಕಡೆಯ ಗಾಜು ಏರಿಸಿಕೊಂಡ. ಹೊರಗೆ ಯಾರೂ ಕಾಣಲಿಲ್ಲ... ಗಾಜಿನ ಮೇಲೆ ಉಸಿರಿನ ಮಂಜು ಕೂತಿತು. ಕೈಯಲ್ಲಿ ಒರೆಸಿದರೆ ಹೋಗಿಬಿಟ್ಟಿತು. ಮಂಜು ಕೂತಿದ್ದು ಒಳಗಡೆಯಿಂದ. ಕಿವಿಯ ಪಕ್ಕದಲ್ಲೇ ಮತ್ತದೇ ಮಾತು.

ಗಾಡಿಯನ್ನು ಅಲ್ಲೇ ಬಿಟ್ಟು ಓಡಿಬಂದು ಇದೇ ಅಂಗಡಿಯ ನೆಲದ ಮೇಲೆ ಬಿದ್ದು ಎಲ್ಲ ಹೇಳಿದ. ಪುಟ್ಟಲಕ್ಷ್ಮಮ್ಮ ಒಂದು ಲೋಟ ನೀರನ್ನೂ ಕೊಡಲಿಲ್ಲ. ರಟ್ಟೆ ಹಿಡಿದು ಸರಸಮ್ಮನ ಹೊಸ್ತಿಲಿಗೆ ಎಳೆದುಕೊಂಡು ಹೋದಳು. ಬೆಳಿಗ್ಗೆ ಡೇರಿಯ ಮುಂದೆ, ಜನ ಕ್ಯಾನು ಹಿಡಿದು ನಿಂತಿದ್ದಾಗ, ಅವನ ಬಾಯಿಂದಲೇ ಹೇಳಿಸಿದಳು.

"ಚಿಕ್ಕಯ್ಯಣ್ಣ ಕುಡ್ದಿರ್ನಿಲ್ಲ. ನಾನೇ ಡಿಮ್ ಮಾಡ್ಲಿಲ್ಲ," ಅಂದ ಅವನು. ಸರಸಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ತಿಮ್ಮೇಶ ಗಾಡಿ ಮಾರಿ ಪಾಂಡವಪುರದ ಕಡೆ ಯಾವುದೋ ಆಲೆಮನೆ ಸೇರಿದ. ಆಮೇಲೆ ಅವನಿಗೆ ಏನೂ ಕಾಣಿಸಲಿಲ್ಲವಂತೆ.

ಅಲ್ಲಿಗೆ ನಿಮ್ಮ ತಮ್ಮನಿಗೆ ಮುಕ್ತಿ ಸಿಕ್ಕಿತು ಬಿಡಿ ಎಂದು ಬೆಂಚಿನ ಮೇಲಿದ್ದವರೊಬ್ಬರು ನಿಟ್ಟುಸಿರು ಬಿಟ್ಟರು. ಪುಟ್ಟಲಕ್ಷ್ಮಮ್ಮನ ಕಣ್ಣು ಕೆಂಡವಾಯಿತು. ಎಲ್ಲಿಯ ಮುಕ್ತಿ? ನಿಜ ಹೇಳಿದ್ದು ಒಂದು ಬೆಳಿಗ್ಗೆ, ಸುಳ್ಳು ದಿನಾ ಓಡಾಡುತ್ತಿದೆ. ತಿಮ್ಮೇಶ ತಲೆ ಕೆಟ್ಟು ಹಾಗಂದ ಎಂದರು, ಅಕ್ಕ ಹೆದರಿಸಿ ಹೇಳಿಸಿದಳು ಎಂದರು. ಇವತ್ತಿಗೂ ಆ ತೂಬಿಗೆ ಕುಡುಕನ ತೂಬು ಎಂದೇ ಹೆಸರು.

ಮಳೆ ನಿಂತಿತ್ತು. ಅಶೋಕ್ ಎದ್ದು ಕೀ ಕೈಗೆ ತಗೊಂಡ. ಒಳಗಿನ ಅಳುಕು ಕಾಣಬಾರದೆಂದೋ ಏನೋ, ಒಂದು ಹುಳ್ಳಗಿನ ನಗೆ ನಕ್ಕ.

"ಆದ್ರೂವೆ ಅಜ್ಜಿ... ಆ ಚಳೀಲಿ ಒಸಿ ಹಾಕಿದ್ನೇನೋ, ಯಾರಿಗ್ಗೊತ್ತು?"

ಯಾರೂ ನಗಲಿಲ್ಲ. ಪುಟ್ಟಲಕ್ಷ್ಮಮ್ಮ ಮಾತಾಡಿದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಇಂಗೇ ಅಂದೋರು ಮೂರ್ನಾಕು ಜನ ಆದ್ರು ಕಣ್ಲಾ ಮಗ. ವಾಪಸ್ ಬಂದು ಇಲ್ಲೇ ಕೂತ್ಕಂಡು ನಡುಗಿದ್ರು. ನೀನೂ ಏರಿ ಮ್ಯಾಲೇ ಓಗ್ಬೇಕಲ್ವಾ, ಓಗು. ಕಿಟ್ಕಿ ತಾವ ಬಂದ್ರೆ ಗಾಜು ಏರಿಸ್ಬ್ಯಾಡ. ಮೂಸ್ ನೋಡು... ಏನ್ ವಾಸ್ನೆ ಬತ್ತೋ ಅದ ಬಾಯ್ಬುಟ್ಟು ಯೋಳ್ಬುಡು. ಅವ್ನು ಕೇಳೋದು ಅಷ್ಟೇಯ."