ಮುಷ್ಟಿ ಪಾಲಿನ ರೊಟ್ಟಿ

ಅಲ್ಲ ಅಲ್ಲ ಮಕ್ಳೇ, ಈ ರೊಟ್ಟಿಯ ಕಾವಲಿ ಆಮೇಲೆ ಬಂದದ್ದು, ಮೊದಲು ಬಂದದ್ದು ತಮ್ಮಲೆ. ತಮ್ಮಲೆ ಅಂದ್ರೆ ನನ್ನ ಅಮ್ಮನ ಅಣ್ಣ, ಮನೆಯ ಯಜಮಾನರು. ನಮ್ಮದು ಅಳಿಯಕಟ್ಟು ಅಲ್ವಾ, ಆಸ್ತಿ ಹೆಂಗಸರ ಕಡೆಯಿಂದ ಬರುವುದು, ಕೇಳ್ಲಿಕ್ಕೆ ಭಾರೀ ಚಂದ ಉಂಟು, ಆದ್ರೆ ಬೀಗದ ಕೈ ಮಾತ್ರ ಗಂಡಸಿನ ಸೊಂಟದಲ್ಲಿ. ಅದು ಎಂತ ನ್ಯಾಯವೋ ನನಗೆ ಇವತ್ತಿಗೂ ಅರ್ಥ ಆಗ್ಲಿಲ್ಲ. ಅವರು ಇದ್ದದ್ದು ಹೊಳೆಯ ಆಚೆ, ತೊಕ್ಕೊಟ್ಟಿನಿಂದ ಇನ್ನೂ ಒಳಗೆ, ದೊಡ್ಡ ಮನೆಯಲ್ಲಿ. ನಾವು ಇಲ್ಲೇ ಬೋಳಾರದಲ್ಲಿ, ಇದೇ ಮನೆ, ಆದ್ರೆ ಆಗ ಇಷ್ಟು ದೊಡ್ಡದಿರ್ಲಿಲ್ಲ, ಒಂದು ಜಗಲಿ, ಒಂದು ಕೋಣೆ, ಹಿಂದೆ ಅಡಿಗೆ ಕೋಣೆ. ಹಿಂದಿನವರು ಕೋರ್ಟಿನ ಕೆಲಸಕ್ಕೆ ಪೇಟೆಗೆ ಬಂದಾಗ ಉಳೀಲಿಕ್ಕೆ ಅಂತ ಕಟ್ಟಿಸಿದ್ದಂತೆ. ನಿಮ್ಮ ಅಜ್ಜನಿಗೆ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತೆ ಕೆಲಸ, ಹಾಗಾಗಿ ನಾವು ಇಲ್ಲಿ. ಯುದ್ಧ ಸುರುವಾದ ಮೇಲೆ, ಯಾವ ವರ್ಷ ಅಂತ ಕೇಳ್ಬೇಡಿ, ಒಂದು ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು, ಹೋದರು. ಉಳಿದದ್ದು ನಾನು, ನನ್ನ ಅಮ್ಮ, ಶಾಲೆಗೆ ಹೋಗುವ ನಿಮ್ಮ ಅಮ್ಮ, ತೊಟ್ಟಿಲಲ್ಲಿ ನಿಮ್ಮ ಮಾವ. ನನ್ನ ಅಮ್ಮ ಅಂದ್ರೆ ಪಾಪದವರು, ಅಣ್ಣ ಜಗಲಿಯಲ್ಲಿ ಕೂತ್ರೆ ಇವರು ಬಾಗಿಲ ಹಿಂದೆ. ಅಣ್ಣನ ಎದುರು ಬಾಯಿ ಬಿಟ್ಟದ್ದು ನಾನು ನೋಡಿದ್ದೇ ಇಲ್ಲ. ಏ, ಆ ರೊಟ್ಟಿ ಪುಡಿ ಮಾಡಿ ಆಡ್ಬೇಡ ಮಗಾ, ತಿನ್ನುದಾದ್ರೆ ತಿನ್ನು.

ಹಾಂ, ತಮ್ಮಲೆ ಬಂದರು. ನಿಮ್ಮ ಅಜ್ಜನ ಬೊಜ್ಜ, ಅಂದ್ರೆ ಉತ್ತರಕ್ರಿಯೆಯ ಊಟ ಮುಗಿದು ಸ್ವಲ್ಪ ಸಮಯ ಆಗಿತ್ತು. ಕೊಡೆ ಮಡಚಿ ಗೋಡೆಗೆ ಇಟ್ಟು ಜಗಲಿಯಲ್ಲಿ ಕೂತು, ಇನ್ನು ಇಲ್ಲಿಗೆ ಅಕ್ಕಿ ಕಳಿಸ್ಲಿಕ್ಕೆ ಆಗುದಿಲ್ಲ, ಬೆಳೆದದ್ದನ್ನೆಲ್ಲ ಸರ್ಕಾರ ಲೆವಿ ಅಂತ ಅಳೆದು ತಗೊಂಡು ಹೋಗ್ತದೆ, ನೀವು ಈ ಮನೆಗೆ ಬೀಗ ಹಾಕಿ ಆಚೆ ಬಂದು ಬಿಡಿ, ಅಲ್ಲಿ ಅಡಿಗೆ ಕೋಣೆಗೆ ಜನ ಬೇಕು ಅಂತ ಹೇಳಿದರು. ನೋಡಿ, ಅಡಿಗೆ ಕೋಣೆಗೆ ಜನ ಬೇಕು ಅಂತ. ನಾನು ಕೇಳಿದೆ, ಹಾಗಾದ್ರೆ ಮಗಳ ಶಾಲೆ? ಅದಕ್ಕೆ ಅವರು ನಗಾಡಿದ್ರು, ಹೆಣ್ಣಿಗೆ ಎಂತ ಶಾಲೆ, ಓದಿ ಕೋರ್ಟಿಗೆ ಹೋಗ್ಲಿಕ್ಕುಂಟಾ ಅಂತ. ನನಗೆ ಆ ನಗಾಡಿದ್ದು ಉಂಟಲ್ಲ, ಅದು ಎದೆಯಲ್ಲಿ ಕೂತುಬಿಟ್ಟಿತು. ನಾನು ಬರುದಿಲ್ಲ, ನನ್ನ ಪಾಲು ಎಂತ ಉಂಟೋ ಅದು ಕೊಡಿ, ನಾವು ಇಲ್ಲೇ ಇರ್ತೇವೆ ಅಂದೆ. ಅಮ್ಮ ಬಾಗಿಲ ಹಿಂದಿನಿಂದ ನನ್ನ ಸೀರೆ ಎಳೆದದ್ದೇ ಎಳೆದದ್ದು. ಆಗೆಲ್ಲ ಅಳಿಯಕಟ್ಟಿನಲ್ಲಿ ಪಾಲು ಕೇಳುವ ಹಾಗೆ ಇರ್ಲಿಲ್ಲ ಮಕ್ಳೇ, ಇಡೀ ಮನೆ ಒಟ್ಟಿಗೆ, ಕೊಟ್ಟದ್ದು ಉಣ್ಣುದು, ಅಷ್ಟೇ. ತಮ್ಮಲೆ ಎದ್ದು ನಿಂತರು.

"ಪಾಲು ಅಂತ ಇನ್ನೊಂದು ಸರ್ತಿ ನಿನ್ನ ಬಾಯಲ್ಲಿ ಬರ್ಬಾರ್ದು. ಇರುದಾದ್ರೆ ಇರು. ಆದ್ರೆ ನಮ್ಮ ಮನೆಯ ಹೆಣ್ಣು ಪೇಟೆಯಲ್ಲಿ ಕೂತು ಎಂತಾದ್ರೂ ಮಾರಿದ್ಳು ಅಂತ ನನ್ನ ಕಿವಿಗೆ ಬಿದ್ರೆ, ಅವತ್ತೇ ಈ ಬಾಗಿಲಿಗೆ ಬೀಗ."

ಅಷ್ಟು ಹೇಳಿ ಬಿಡ್ಲಿಲ್ಲ. ಮಾರುದಿಲ್ಲ ಅಂತ ದೀಪ ಮುಟ್ಟಿ, ಮನೆಯ ದೈವದ ಹೆಸರು ಹೇಳು ಅಂದರು. ಮುಟ್ಟಿದೆ, ಹೇಳಿದೆ. ದೈವದ ಆಣೆ ಅಂದ್ರೆ ಮಕ್ಕಳಾಟ ಅಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಇವಳು ಎಷ್ಟು ದಿವಸ ಇರ್ತಾಳೆ ನೋಡುವಾ, ಹಸಿವಾದ್ರೆ ತನ್ನಿಂದ ತಾನೇ ದೋಣಿ ಹತ್ತಿ ಬರ್ತಾಳೆ ಅಂತ ಅವರ ಲೆಕ್ಕ. ನಾನು ಮನಸ್ಸಲ್ಲೇ ಹೇಳಿದೆ, ನೀವು ಕಾಯ್ತಾ ಇರಿ.

ಹೇಳ್ಲಿಕ್ಕೆ ಸಸಾರ, ಕಷ್ಟ ಬಂಙ ಎಲ್ಲ ಬಂದದ್ದು ಆಮೇಲೆ. ರೇಷನ್ ಅಕ್ಕಿ, ಅದೂ ಎಂಥ ಅಕ್ಕಿ ಮಾರಾಯ, ಬರ್ಮದ ಅಕ್ಕಿ ನಿಂತ ಮೇಲೆ ಎಲ್ಲಿಂದೆಲ್ಲಿಂದಲೋ ತಂದು ಕೊಡ್ತಿದ್ರು. ಗಂಜಿಗೆ ಇಟ್ರೆ ಗೋಣಿಯ ವಾಸನೆ, ಮಗು ಬಾಯಿಗೆ ಇಟ್ಟು ಉಗುಳ್ತಿತ್ತು. ಒಂದು ದಿವಸ ನನಗೆ ಸಿಟ್ಟು ಬಂತು. ಆ ಅಕ್ಕಿಯನ್ನು ಮೂರು ನಾಲ್ಕು ನೀರಲ್ಲಿ ತೊಳೆದು, ನೆನೆ ಹಾಕಿ, ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಕಡೆದು, ಅಮ್ಮನ ಕಾವಲಿ ಒಲೆಗೆ ಇಟ್ಟು ರೊಟ್ಟಿ ಎಳೆದೆ. ಈಗ ಹೋಟೆಲಿನಲ್ಲಿ ಕೋಳಿ ಸಾರು ಹಾಕಿ ಕೋರಿ ರೊಟ್ಟಿ ಅಂತ ಕೊಡ್ತಾರಲ್ಲ, ಅದೇ ಒಣ ರೊಟ್ಟಿ, ನೀನು ಈಗ ಪುಡಿ ಮಾಡಿದ್ದು. ತೆಳುವಾಗಿ ಎಳೀಬೇಕು, ಎದ್ದು ಬರುವಾಗ ಮಡಚ್ಬೇಕು, ಕೆಂಡದ ಬದಿಗೆ ಇಟ್ಟು ಗರಿಗರಿ ಮಾಡ್ಬೇಕು. ಬೆಂಕಿಗೆ ಆ ಗೋಣಿಯ ವಾಸನೆ ಎಲ್ಲ ಹೋಯ್ತು. ನಿಮ್ಮ ಮಾವ, ಈಗ ಇಷ್ಟು ದೊಡ್ಡ ಹೊಟ್ಟೆ ಬಿಟ್ಟುಕೊಂಡು ತಿರುಗ್ತಾನಲ್ಲ, ಅವನು ಆಗಷ್ಟೇ ಬಂದ ನಾಲ್ಕು ಹಲ್ಲಲ್ಲೇ ಕಟುಂ ಕಟುಂ ಅಂತ ತಿಂದ. ಆ ಶಬ್ದ ಕೇಳಿ ಬಂದದ್ದು ಲೂಸಿಬಾಯಿ.

ಲೂಸಿಬಾಯಿ ನಮ್ಮ ಹಿತ್ತಿಲ ಪಾಗಾರದ ಗೋಡೆಯ ಆಚೆಯವಳು, ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊರುವ ಕೆಲಸ. ಒಳ್ಳೆ ಗಟ್ಟಿ ಹೆಂಗಸು, ಕೊಂಕಣಿ ಸೇರಿಸಿ ತುಳು ಮಾತಾಡುದು, ನಾನು ತುಳು ಸೇರಿಸಿ ಕೊಂಕಣಿ, ಇಬ್ಬರಿಗೂ ಎಲ್ಲ ಅರ್ಥ ಆಗ್ತಿತ್ತು. ಒಂದು ರೊಟ್ಟಿ ಮೀನು ಸಾರಿಗೆ ಅದ್ದಿ ತಿಂದು ನೋಡಿ, ಮರುದಿವಸ ಸೆರಗಲ್ಲಿ ತನ್ನ ರೇಷನ್ ಅಕ್ಕಿ ಕಟ್ಟಿಕೊಂಡು ಬಂದಳು. ನನಗೂ ಮಾಡಿ ಕೊಡಿ ಬಾಯಿ, ಬೆಳಿಗ್ಗೆ ಕಾರ್ಖಾನೆ ಕೂಗುವ ಮೊದಲು ಗಂಜಿ ಬೇಯಿಸ್ಲಿಕ್ಕೆ ಸೌದೆಯೂ ಇಲ್ಲ, ಸಮಯವೂ ಇಲ್ಲ, ಇದಾದ್ರೆ ಡಬ್ಬದಲ್ಲಿ ಇಟ್ರೆ ವಾರ ಆದ್ರೂ ಹಾಳಾಗುದಿಲ್ಲ, ಏನು ತಗೊಳ್ತೀರಿ ಹೇಳಿ ಅಂದಳು. ತಗೊಳ್ಳುದು! ತಗೊಂಡ್ರೆ ಮಾರಿದ ಹಾಗೆ. ತಗೊಳ್ಳದಿದ್ರೆ ನನ್ನ ಮಕ್ಕಳು ತಿನ್ನುದು ಎಂತ, ಮಣ್ಣಾ? ನಾನು ಅವಳಿಗೆ ಆಣೆಯ ಕತೆ ಹೇಳಿದೆ. ಅವಳು ಸೊಂಟಕ್ಕೆ ಕೈ ಇಟ್ಟು ಎಲ್ಲ ಕೇಳಿ, ತನ್ನ ಅಕ್ಕಿಯಿಂದಲೇ ಒಂದು ಮುಷ್ಟಿ ತೆಗೆದು ಅಮ್ಮ ಅಕ್ಕಿ ಕೇರುವ ಗೆರಸೆಗೆ ಹಾಕಿದಳು. ನೀವು ತಗೊಳ್ಳಲಿಲ್ಲ, ನಾನು ಹಾಕಿದ್ದು, ಈಗ ಆಯ್ತಾ ಅಂದಳು. ನೋಡಿ, ದೊಡ್ಡ ಮನೆಯವರಿಗೆ ಹೊಳೆಯದ್ದು ಅವಳಿಗೆ ಹೊಳೀತು. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಅಂತಾರಲ್ಲ, ಹಾಗೆ.

ಅವತ್ತಿನಿಂದ ಅದೇ ಕಟ್ಟಳೆ ಆಯ್ತು. ಅಕ್ಕಿ ನಿಮ್ಮದು, ಸೇರಿಗೆ ಒಂದು ಮುಷ್ಟಿ ಪಾಲು, ಹಾಕುವ ಕೈಯೂ ನಿಮ್ಮದೇ. ಅಕ್ಕಿ ಯಾರದ್ದೋ ಅವರೇ ಬಂದು ಹಾಕ್ಬೇಕು, ಬೇರೆಯವರ ಕೈಯಲ್ಲಿ ಕಳಿಸಿದ್ರೆ ನಡೀಲಿಕ್ಕಿಲ್ಲ. ಪಾಲು ಅಂತ ನಾನು ಬೇಕೂಂತಲೇ ಹೆಸರಿಟ್ಟದ್ದು. ತಮ್ಮಲೆ ಯಾವ ಶಬ್ದ ಬಾಯಲ್ಲಿ ಬರ್ಬಾರ್ದು ಅಂದ್ರೋ ಅದೇ ಶಬ್ದ ದಿವಸಕ್ಕೆ ನೂರು ಸರ್ತಿ ಹೇಳುದು ನಾನು, ಪಾಲು ಹಾಕಿ, ಪಾಲು ಹಾಕಿದ್ರಾ, ಪಾಲು ಹಾಕಿ ಹೋಗಿ. ಕಾರ್ಖಾನೆಯ ಹೆಂಗಸರೆಲ್ಲ ಬರ್ಲಿಕ್ಕೆ ಸುರು ಮಾಡಿದ್ರು. ಕೈ ನೋಡಿದ್ರೆ ಮನುಷ್ಯ ಗೊತ್ತಾಗ್ತದೆ ಮಕ್ಳೇ. ಇಲ್ಲದವರು ಮುಷ್ಟಿ ತುಂಬಿ ಚೆಲ್ಲುವ ಹಾಗೆ ಹಾಕುದು. ಎರಡು ಮಹಡಿ ಮನೆಯವಳೊಬ್ಬಳು ಬರ್ತಿದ್ಳು, ಅವಳು ಬೆರಳು ಒಳಗೆ ಮಡಚಿ ಮಡಚಿ ಹಾಕುದು, ನಾಲ್ಕು ಕಾಳು ಬೀಳ್ತಿತ್ತು. ನಾನು ಎಂತದೂ ಹೇಳ್ತಿರ್ಲಿಲ್ಲ, ಅವಳ ರೊಟ್ಟಿಯನ್ನೂ ಅಷ್ಟೇ ಚಂದ ಎಳೆದು ಕೊಡ್ತಿದ್ದೆ. ಆದ್ರೆ ಒಂದು ಸರ್ತಿ ಇಬ್ಬರ ರೊಟ್ಟಿ ಅದಲು ಬದಲು ಆಗಿ ದೊಡ್ಡ ಜಗಳ ಆಯ್ತು, ನನ್ನದು ಊರ ಅಕ್ಕಿ, ಇದು ರೇಷನಿದು ಅಂತ. ತಪ್ಪು ನನ್ನದೇ. ಆಮೇಲೆ ಮಡಚುವುದರಲ್ಲೇ ಗುರ್ತ ಮಾಡಿದೆ, ಲೂಸಿಬಾಯಿಯದ್ದು ಅರ್ಧಕ್ಕೆ ಮಡಚಿದ್ದು, ಇನ್ನೊಬ್ಬಳದ್ದು ಮೂಲೆ ಮೂಲೆ, ಮತ್ತೊಬ್ಬಳದ್ದು ಸುರುಳಿ. ನಿಮ್ಮ ಅಮ್ಮ ಶಾಲೆಯಿಂದ ಬಂದವಳೇ ಯಾವ ಮಡಿಕೆ ಯಾರದ್ದು ಅಂತ ಹಾಡಿನ ಹಾಗೆ ಹೇಳ್ತಿದ್ಳು.

ಹಾಗಾದ್ರೆ ಶಾಲೆಯ ಫೀಸು ಎಲ್ಲಿಂದ, ಎಣ್ಣೆ ಉಪ್ಪು ಎಲ್ಲಿಂದ ಅಂತ ಕೇಳ್ತೀರಿ ಅಲ್ವಾ? ಜಾಣರು ನೀವು. ಪಾಲಿನ ಅಕ್ಕಿ ನಮ್ಮ ಹೊಟ್ಟೆಗೆ ಆಗಿ ಮಿಕ್ಕಿದ್ರೆ ಅದನ್ನೂ ರೊಟ್ಟಿ ಮಾಡಿ ಲೂಸಿಬಾಯಿಗೆ ಕೊಡ್ತಿದ್ದೆ, ಅವಳು ಕಾರ್ಖಾನೆಯ ಗೇಟಿನಲ್ಲಿ ಮಾರಿ ನಮಗೆ ಬೇಕಾದ್ದು ತಂದು ಕೊಡ್ತಿದ್ಳು, ಅವಳ ಪಾಲನ್ನು ಅವಳು ಇಟ್ಕೊಳ್ತಿದ್ಳು. ಮಾರಿದ್ದು ಯಾರು? ಅವಳು. ಅವಳು ದೀಪ ಮುಟ್ಟಿದ್ಳಾ? ಇಲ್ಲ. ಹಾಗೆ.

ಒಳ್ಳೆ ಮಾತು ಹೊಳೆ ದಾಟ್ಲಿಕ್ಕೆ ವರ್ಷ ಬೇಕು, ಚಾಡಿ ಅದೇ ದಿವಸ ದಾಟ್ತದೆ. ತಮ್ಮಲೆ ಒಂದು ದಿವಸ ಬೀಗ ಹಿಡ್ಕೊಂಡೇ ಬಂದ್ರು. ಹೌದು, ಕೈಯಲ್ಲಿ ಹಿತ್ತಾಳೆ ಬೀಗ. ಅಮ್ಮ ಬಾಗಿಲ ಹಿಂದೆ ಅಳ್ಲಿಕ್ಕೆ ಸುರು. ನಾನು ಮಾತ್ರ ಕಾವಲಿಯ ಎದುರಿನಿಂದ ಏಳಲಿಲ್ಲ. ಜಗಲಿಯಲ್ಲಿ ನಾಲ್ಕೈದು ಹೆಂಗಸರು ಅಕ್ಕಿ ಹಿಡ್ಕೊಂಡು ಕೂತಿದ್ರು. ನಾನು ಒಳಗಿಂದಲೇ ಹೇಳಿದೆ, ತಮ್ಮಲೆ, ನಾನು ಯಾರಿಗಾದ್ರೂ ಬೆಲೆ ಹೇಳಿದ್ದುಂಟಾ, ನನ್ನ ಕೈಯಾರೆ ಎಂತಾದ್ರೂ ತಗೊಂಡದ್ದುಂಟಾ ಅಂತ ಇವರನ್ನೇ ಕೇಳಿ, ಉಂಟು ಅಂತ ಒಬ್ಬಳು ಹೇಳಿದ್ರೆ ಬೀಗ ಹಾಕಿ. ಅವರು ಕೇಳಿದ್ರು. ಒಬ್ಬಳಾದ ಮೇಲೆ ಒಬ್ಬಳು, ಇಲ್ಲ ಇಲ್ಲ, ನಾವೇ ಹಾಕುದು ಅಂದ್ರು. ದೈವದ ಆಣೆ ಹಾಕಿಸಿದವರು ತಮ್ಮಲೆಯೇ ಅಲ್ವಾ, ಆಣೆ ತಪ್ಪದವಳನ್ನು ಹೊರಗೆ ಹಾಕಿದ್ರೆ ದೈವಕ್ಕೆ ಉತ್ತರ ಕೊಡ್ಬೇಕಾದವರೂ ಅವರೇ. ಬೀಗವನ್ನು ಶಾಲಿನ ಒಳಗೆ ಇಟ್ಕೊಂಡು ಹೋದರು. ನೀರು ಕೂಡ ಕುಡೀಲಿಲ್ಲ.

ಅದು ಕಳೆದು ಎಷ್ಟೋ ಸಮಯದ ಮೇಲೆ, ಯುದ್ಧ ನಿಂತಿತ್ತು, ಅಕ್ಕಿಯ ಕಂಟ್ರೋಲ್ ಇನ್ನೂ ಇತ್ತು, ದೊಡ್ಡ ಮನೆಯಲ್ಲಿ ಮದುವೆ. ನನ್ನ ಚಿಕ್ಕಮ್ಮನ ಮಗಳದ್ದು. ಮದುವೆ ಕಳೆದು ಗಂಡಿನ ಕಡೆಯವರು ಕೋಳಿ ಊಟಕ್ಕೆ ಬರುವಾಗ ರೊಟ್ಟಿ ಇಲ್ಲದಿದ್ರೆ ಮರ್ಯಾದೆ ಉಂಟಾ? ಅಲ್ಲಿ ರೊಟ್ಟಿ ಎಳೆಯುತ್ತಿದ್ದವಳು ಮನೆ ಬಿಟ್ಟು ಬೀಡಿ ಕಟ್ಟಲಿಕ್ಕೆ ಹೋಗಿದ್ಳಂತೆ, ಅವಳ ಹೊಟ್ಟೆ ತಣ್ಣಗಿರ್ಲಿ. ಹಾಗೆ ಒಬ್ಬ ಒಕ್ಕಲಿನವನ ತಲೆಯಲ್ಲಿ ಒಂದು ಮುಡಿ ಅಕ್ಕಿ ಬಂತು, ಬೈಹುಲ್ಲಲ್ಲಿ ಕಟ್ಟಿದ ಒಳ್ಳೆ ಊರ ಅಕ್ಕಿ. ಯಜಮಾನರು ರೊಟ್ಟಿ ಮಾಡಿ ಕೊಡ್ಲಿಕ್ಕೆ ಹೇಳಿದ್ದಾರೆ ಅಂದ. ನಾನು ಅವನಿಗೆ ಮಜ್ಜಿಗೆ ಕೊಟ್ಟೆ, ಪಾಪ ಅವನದ್ದೆಂತ ತಪ್ಪು. ಮುಡಿಯನ್ನು ಮಾತ್ರ ವಾಪಸ್ ಅವನ ತಲೆಗೇ ಎತ್ತಿಸಿದೆ. ಅಕ್ಕಿ ಯಾರದ್ದೋ ಅವರೇ ಬರ್ಬೇಕು, ಬೋಳಾರದಲ್ಲಿ ಎಲ್ಲರಿಗೂ ಒಂದೇ ಕಟ್ಟಳೆ ಅಂತ ಯಜಮಾನರಿಗೆ ಹೇಳು ಅಂದೆ. ಅಮ್ಮ ಅವತ್ತು ಊಟ ಮಾಡ್ಲಿಲ್ಲ. ನಿನಗೆ ಮಂಡೆ ಸರಿ ಉಂಟಾ, ಈಗ ಮನೆಯೂ ಹೋಗ್ತದೆ ಅಂತ ಒಂದೇ ಸಮ. ನನಗೂ ಹೆದರಿಕೆ ಇತ್ತು. ಆದ್ರೆ ಲೂಸಿಬಾಯಿಗೆ ಒಂದು ಕಟ್ಟಳೆ, ತಮ್ಮಲೆಗೆ ಒಂದು ಕಟ್ಟಳೆ ಅಂತ ಆದ್ರೆ ಮತ್ತೆ ನನ್ನ ಒಲೆಗೆ ಎಂತ ಮರ್ಯಾದೆ?

ಬಂದರು ಮಾರಾಯ. ಮರುದಿವಸವೇ ಬಂದರು. ಮುಂದೆ ಕೊಡೆ ಹಿಡಿದು ಅವರು, ಹಿಂದೆ ಮುಡಿ ಹೊತ್ತು ಅವನು. ಪಾಗಾರದ ಮೇಲೆ ಇಷ್ಟು ಮಂಡೆಗಳು. ಕೋಳಿ ಊಟಕ್ಕೆ ಹೆಚ್ಚು ದಿವಸ ಉಳಿದಿರ್ಲಿಲ್ಲ, ಅದಕ್ಕೇ ಬಂದದ್ದು, ನನ್ನ ಮೇಲಿನ ಪ್ರೀತಿಗೆ ಅಲ್ಲ, ಅದು ನನಗೆ ಗೊತ್ತುಂಟು. ಜಗಲಿಯಲ್ಲಿ ಕೂತು, ರೊಟ್ಟಿ ಆಗ್ಬೇಕು ಅಂದರು, ನನ್ನ ಮುಖ ನೋಡದೆ. ಆಗ್ಲಿ ತಮ್ಮಲೆ, ಪಾಲು ಹಾಕಿ ಅಂದೆ. ಯಾವ ಜಗಲಿಯಲ್ಲಿ ಆ ಶಬ್ದ ಹೇಳ್ಬಾರ್ದು ಅಂದಿದ್ರೋ ಅದೇ ಜಗಲಿ. ಅವರ ಕಿವಿ ಕೆಂಪಾಯ್ತು. ಆದ್ರೂ ಮುಡಿಯ ಬಾಯಿ ಬಿಡಿಸಿ ಕೈ ಹಾಕಿದ್ರು. ಗೆರಸೆ ತರುವಾ ಅಂತ ನಾನು ತಿರುಗಿ ನೋಡ್ತೇನೆ, ಅಮ್ಮ ಗೆರಸೆ ಹಿಡ್ಕೊಂಡು ಬಾಗಿಲಿನಿಂದ ಹೊರಗೆ ಬಂದಿದ್ದಾರೆ. ಅಣ್ಣನ ಎದುರು, ಹಗಲು, ಜಗಲಿಯಲ್ಲಿ. ತಮ್ಮಲೆ ಒಂದು ಮುಷ್ಟಿ ಹಾಕಿದ್ರು, ಎರಡು ಹಾಕಿದ್ರು, ಇನ್ನೂ ಒಂದೆರಡು ಹಾಕಿ ಕೈ ಕೊಡವಿ, ಸಾಕಲ್ಲ ಅಂತ ಎದ್ದರು. ಮುಡಿಯಲ್ಲಿ ಎಷ್ಟು ಸೇರು ಅಕ್ಕಿ ಇರ್ತದೆ ಅಂತ ಗದ್ದೆ ಇದ್ದವರಿಗೆ ನಾವು ಹೇಳಿ ಕೊಡ್ಬೇಕಾ? ನಾನು ಬಾಯಿ ತೆಗೆಯುವ ಮೊದಲು ಅಮ್ಮನ ಸ್ವರ ಬಂತು, ಮೆಲ್ಲಗೆ.

"ಅಣ್ಣಾ, ಮುಡಿ ಇನ್ನೂ ಮುಗೀಲಿಲ್ಲ."

ತಮ್ಮಲೆ ಅಮ್ಮನನ್ನು ನೋಡಿದ್ರು. ಅಮ್ಮ ಹಿಡಿದ ಗೆರಸೆ ಕೆಳಗೆ ಇಳೀಲಿಲ್ಲ. ಅವರು ಪುನಃ ಕೂತರು. ಸೇರಿಗೆ ಒಂದು ಮುಷ್ಟಿಯ ಹಾಗೆ ಕೊನೆಯವರೆಗೆ ಹಾಕಿದ್ರು, ದೊಡ್ಡ ಕೈ ಅವರದ್ದು, ಮಡಚದೆ ಹಾಕಿದ್ರು, ಅದನ್ನೂ ಹೇಳ್ಬೇಕು. ಗೆರಸೆ ತುಂಬಿ ಚೆಲ್ಲಿತು. ನನಗೆ ಖುಷಿ ಆಯ್ತಾ ಅಂತ ಕೇಳಿದ್ರೆ, ಆಯ್ತು, ಭಾರೀ ಖುಷಿ ಆಯ್ತು, ಸುಳ್ಳು ಯಾಕೆ ಹೇಳುದು. ಅವರ ರೊಟ್ಟಿಯನ್ನು ಹೂವಿನ ಹಾಗೆ ಎಳೆದು ಕೊಟ್ಟೆ, ಒಂದು ಚೂರು ತುಂಡಾಗದ ಹಾಗೆ. ಬೀಗದ ಮಾತು ಮತ್ತೆ ಆ ಬಾಯಲ್ಲಿ ಬರ್ಲಿಲ್ಲ. ನಿಮ್ಮ ಅಮ್ಮ ಶಾಲೆ ಬಿಡ್ಲಿಲ್ಲ, ಈ ಒಲೆ ಆರ್ಲಿಲ್ಲ, ಆಮೇಲೆ ಒಂದು ಕಾವಲಿ ಇದ್ದದ್ದು ಸಾಲು ಕಾವಲಿ ಆಯ್ತು, ಅದು ನೀವೇ ನೋಡಿದ್ದೀರಿ. ಪಾಲು ಬೇಕಾದ್ರೆ ಬಾಗಿಲ ಹಿಂದೆ ನಿಂತು ಅತ್ರೆ ಆಗುದಿಲ್ಲ ಮಕ್ಳೇ, ಗೆರಸೆ ಹಿಡ್ಕೊಂಡು ಎದುರು ಬರ್ಬೇಕು. ಹಾಂ, ಈಗ ಆ ಡಬ್ಬದ ಬಾಯಿ ಮುಚ್ಚಿ, ರೊಟ್ಟಿ ಮೆತ್ತಗಾಗ್ತದೆ.