ಮೂರನೇ ಟ್ಯಾಂಕಿನ ಉಸಿರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು ನಮ್ಮ ದೊಡ್ಡಪ್ಪನ ಮಗನಿಗೆ. ಮಾತೆತ್ತಿದರೆ ತನ್ನ ಡಿಗ್ರಿ ಮುಂದಿಡೋನು. ಮನೆಮಂದಿಯೆಲ್ಲ ಡಿಗ್ರಿಯಣ್ಣ ಅಂತಲೇ ಕರೆಯೋದು.

ಅವನು ಲೈಸಿನ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಲೈಸಿನ್ ಅಂದರೆ ಕೋಳಿ ಆಹಾರಕ್ಕೆ ಬೆರೆಸೋ ಅಮೈನೋ ಆಮ್ಲ. ತಳಿ ತಿದ್ದಿದ ಸೂಕ್ಷ್ಮಜೀವಿಗಳನ್ನ ಮೂರಾಳೆತ್ತರದ ಟ್ಯಾಂಕಿಗೆ ಬಿಟ್ಟು, ಸಕ್ಕರೆ ನೀರು ಕುಡಿಸಿ, ಕೆಳಗಿಂದ ಗಾಳಿ ಊದಿದರೆ ಅವೇ ಅದನ್ನ ಮಾಡಿಕೊಡುತ್ತವೆ. ಗಾಳಿ ನಿಂತರೆ ಮುಗೀತು. ಅಲ್ಲಿ ಟ್ಯಾಂಕಜ್ಜ ಅಂತ ಒಬ್ಬ ಹಳೇ ಆಪರೇಟರ್ ಇದ್ದ. ಪೈಪಿಗೆ ಕಿವಿಯಿಟ್ಟೇ ಗಾಳಿ ಎಷ್ಟಿದೆ ಹೇಳ್ತಿದ್ದ. "ಮೀಟರಿರೋವಾಗ ನಿನ್ನ ಕಿವಿ ಯಾಕಯ್ಯ?" ಅಂತ ಎಲ್ಲರೆದುರು ಮೂದಲಿಸೋನು ನಮ್ಮ ಮಹಾಶಯ. ಅಜ್ಜ ಸತ್ತಾಗ ಮಣ್ಣಿಗೂ ಹೋಗಲಿಲ್ಲ.

ಅದಾಗಿ ಹನ್ನೊಂದನೇ ರಾತ್ರಿ. ಪಾಳಿ ಮುಗಿಸಿ, ಫ್ಯಾಕ್ಟರಿ ಹಿಂದಿನ ಒಣಬಾವಿ ಪಕ್ಕ ಬರ್ತಿದ್ದ. ಒಳಗಿಂದ ಸದ್ದು... ಗುಳು... ಗುಳು... ಆಮೇಲೆ ಸೀಳಿದ ಕೊಳವೆಯಿಂದ ಬರೋ ಹಾಗೆ, ಸುಯ್ಯ್...

"ಸಾರ್... ಮೂರನೇ ಟ್ಯಾಂಕಿಗೆ ಗಾಳಿ ಸಾಲ್ತಿಲ್ಲ."

ಥೇಟ್ ಟ್ಯಾಂಕಜ್ಜನ ದನಿ. ಆದರೂ ಜಂಬ ಬಿಡಬೇಕಲ್ಲ.

"ಯಾರೋ ಅದು?"

"ವಾಪಸ್ ಹೋಗಿ ನೋಡಿ, ಸಾರ್..."

"ಮೀಟರ್ ಸರಿಯಾಗೇ ಇದೆ. ಬಾಯ್ಮುಚ್ಚು."

ಸದ್ದು ನಿಂತಿತು. ಬಾವಿಕಟ್ಟೆ ಮೇಲೆ ಒಂದು ಸ್ಯಾಂಪಲ್ ಸೀಸೆ. ಟ್ಯಾಂಕಿನ ನೀರು ತುಂಬಿತ್ತು... ಮುಟ್ಟಿದರೆ ಬೆಚ್ಚಗೆ. ಯಾರೋ ಕೆಲಸಗಾರರ ಕುಚೋದ್ಯ, ಬೆಳಿಗ್ಗೆ ವಿಚಾರಿಸ್ಕೋತೀನಿ ಅಂತ ಜೇಬಿಗಿಳಿಸಿದ. ಮನೆಗೆ ಹೋಗಿ ತಲೆತುಂಬ ಹೊದ್ದು ಮಲಗಿದ.

ಬೆಳಿಗ್ಗೆ ಮೂರನೇ ಟ್ಯಾಂಕು ಸತ್ತಿತ್ತು. ಗಾಳಿ ಪೈಪು ಕಟ್ಟಿಕೊಂಡಿತ್ತು. ಮೀಟರಿನ ಮುಳ್ಳು ಮಾತ್ರ ಸಿಕ್ಕಿಕೊಂಡು ಸರಿಯಾದ ಅಂಕಿಯನ್ನೇ ತೋರಿಸ್ತಿತ್ತು. ಇವನೇನು ಮಾಡಿದ ಗೊತ್ತಾ? ಪೈಪು ತೊಳೆಯದೆ ಬಿಟ್ಟವನು ಹಳೇ ಆಪರೇಟರ್ ಅಂತ ವರದಿ ಬರೆದುಕೊಟ್ಟ. ಸತ್ತವನು ಎದುರು ಮಾತಾಡಲ್ಲವಲ್ಲ.

ವಿಚಾರಿಸೋಕೆ ಅಂತ ಇವನು ತಂದು ಮೇಜಿನ ಮೇಲಿಟ್ಟಿದ್ದ ಸೀಸೆನ ಲ್ಯಾಬಿನ ಅಕ್ಕ ಎತ್ತಿಕೊಂಡು ಹೋಗಿ ಪರೀಕ್ಷೆ ಮಾಡಿದಳು. ಅದರೊಳಗಿನ ಸೂಕ್ಷ್ಮಜೀವಿಗಳೆಲ್ಲ ಜೀವಂತ.

"ಎಲ್ಲಿತ್ತು ಇದು?"

"ಮುಂಜಾಗ್ರತೆಗೆ ನಾನೇ ತೆಗೆದಿಟ್ಟಿದ್ದೆ" ಅಂದನಂತೆ, ಒಂಚೂರೂ ನಾಚದೆ. ಅದರಿಂದಲೇ ಟ್ಯಾಂಕನ್ನ ಮತ್ತೆ ಎಬ್ಬಿಸಿದರು. ಇವನಿಗೆ ಬಡ್ತಿ ಸಿಕ್ಕಿತು. ಈಗ ಸಾಹೇಬರು ರಾತ್ರಿ ದೀಪ ಆರಿಸೋಕೆ ಬಿಡಲ್ಲ. ನಲ್ಲಿ ಗೊಳಗೊಳ ಅಂದರೂ ಎದ್ದು ಕೂರ್ತಾರೆ. ಅಂಥದೇ ಒಂದು ರಾತ್ರಿ ಇದನ್ನೆಲ್ಲ ನನ್ನ ಹತ್ತಿರ ಬಾಯಿಬಿಟ್ಟ.

ಸುಳ್ಳಲ್ಲ. ಲ್ಯಾಬಿನ ಅಕ್ಕ ಆ ಸೀಸೆ ತೊಳೆದು ಕಪಾಟಲ್ಲಿ ಖಾಲಿ ಇಟ್ಟಿದ್ದಾಳೆ. ನಾನೇ ಹೋಗಿ ಮುಟ್ಟಿದ್ದೀನಿ... ಇನ್ನೂ ಬೆಚ್ಚಗಿದೆ.