ತಹಾನಿ ಚೆನ್ನಾಗಿದ್ದಾಳೆ

ವೇದಿಕೆಯ ಮೇಲಿರುವ ನಮ್ಮ ಆಸ್ಪತ್ರೆಯ ಅಧ್ಯಕ್ಷರಾದ ಡಾಕ್ಟರ್ ಮಮ್ದೂಹ್ ಅವರೇ, ಶೂಟಿಂಗ್ ಬಿಟ್ಟು ಕೈರೋದಿಂದ ತಾಂತಾದವರೆಗೆ ಬಂದಿರುವ, ದೇಶಕ್ಕೆಲ್ಲ ಬೇಕಾದ ನಟ ಉಸ್ತಾದ್ ವಜೀಹ್ ಶಮ್ಮಾ ಅವರೇ, ಟಿವಿ ವಾಹಿನಿಯ ನಿರ್ದೇಶಕಿ ಮೇಡಂ ಗಾದಾ ಅವರೇ, ಡಯಾಲಿಸಿಸ್ ವಾರ್ಡಿನ ನನ್ನ ಹುಡುಗಿಯರೇ, ಮುಂದಿನ ಸಾಲಿನಲ್ಲಿ ಹೊಸ ಬಟ್ಟೆ ಹಾಕಿಕೊಂಡು ಕೂತಿರುವ ನಮ್ಮ ಮಕ್ಕಳೇ, ಅವರ ತಾಯಂದಿರೇ, ಸಭಿಕರೇ,

ಮೂವತ್ತೊಂದು ವರ್ಷ ನಾನು ಈ ಆಸ್ಪತ್ರೆಯಲ್ಲಿ ಮಾಡಿದ ಭಾಷಣ ಒಂದೇ. 'ಅಲ್ಲಾಡಬೇಡ ಕಂದ, ಇನ್ನೇನು ಆಗೇ ಹೋಯ್ತು.' ಅದನ್ನೇ ಇಲ್ಲಿಯೂ ಹೇಳಿ ಕೂತುಬಿಡೋಣ ಎಂದುಕೊಂಡಿದ್ದೆ. ನಮ್ಮ ಹುಡುಗಿಯರು ಬಿಡಲಿಲ್ಲ. 'ಸಿಸ್ಟರ್ ಇನ್ಶಿರಾಹ್, ಬೀಳ್ಕೊಡುಗೆ ಅಂದ್ಮೇಲೆ ಎರಡು ಹಾಳೆಯಾದ್ರೂ ಓದ್ಬೇಕು' ಎಂದರು. ಬರೆದುಕೊಂಡು ಬಂದಿದ್ದೇನೆ. ಕನ್ನಡಕ ತರುವುದನ್ನು ಮರೆತಿದ್ದೇನೆ. ಹಾಗಾಗಿ ನೆನಪಿದ್ದಷ್ಟು ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಧ್ಯಕ್ಷರು ಈಗ ತಾನೇ ನನ್ನ 'ಮೂರು ಹೆಸರಿನ ಪದ್ಧತಿ'ಯನ್ನು ಹೊಗಳಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಹಳ ಹಿಂದೆ ನಮ್ಮ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರಿದ್ದರು. ಒಬ್ಬನಿಗೆ ತಂದ ರಕ್ತವನ್ನು ಇನ್ನೊಬ್ಬನಿಗೆ ಹಾಕಿಬಿಟ್ಟೆವು. ಆ ಮಗು ಉಳಿದದ್ದು ದೇವರ ದಯೆ, ನಮ್ಮ ಜಾಣತನವಲ್ಲ. ಅವತ್ತಿನಿಂದ ನಾನು ಒಂದು ನಿಯಮ ಮಾಡಿದೆ. ಸೂಜಿ ಚುಚ್ಚುವ ಮುಂಚೆ 'ನಿನ್ನ ಹೆಸರೇನು' ಎಂದು ಕೇಳಬೇಕು. ಮಗುವೇ ಬಾಯಿ ಬಿಟ್ಟು, ಗಟ್ಟಿಯಾಗಿ ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಕೊನೆಗೆ ಊರು ಹೇಳಬೇಕು. ಸಿಸ್ಟರ್ 'ಸರಿ' ಅನ್ನಬೇಕು. ಆಮೇಲೆ ಸೂಜಿ. ಮಾತು ಬಾರದ ಮಗುವಿದ್ದರೆ ತಾಯಿ ಹೇಳಬೇಕು. ಬರೀ 'ಅಹ್ಮದ್' ಎಂದರೆ ನಾನು ಸೂಜಿ ಮುಟ್ಟುತ್ತಿರಲಿಲ್ಲ, ಮಂತ್ರಿಯ ಮೊಮ್ಮಗನಾದರೂ ಅಷ್ಟೇ. ಆಮೇಲೆ ನಮ್ಮಲ್ಲಿ ಅಂಥ ತಪ್ಪು ಒಂದೂ ಆಗಲಿಲ್ಲ. ಇದು ನನ್ನ ಹೆಮ್ಮೆ, ಮುಚ್ಚಿಡುವುದೇಕೆ?

ಇನ್ನು ರಂಜಾನಿನ ಕಾರ್ಯಕ್ರಮದ ವಿಚಾರ. ಹತ್ತು ವರ್ಷಗಳಿಂದ ಪ್ರತಿ ರಂಜಾನಿನಲ್ಲಿ, ಸಂಜೆಯ ಬಾಂಗಿಗೆ ಇನ್ನು ಕಾಲು ಗಂಟೆ ಇರುವಾಗ, ಊರೆಲ್ಲ ಖರ್ಜೂರ ಮುಂದಿಟ್ಟುಕೊಂಡು ಟಿವಿ ನೋಡುತ್ತಿರುವಾಗ, ನಮ್ಮ ವಾರ್ಡು ನೇರ ಪ್ರಸಾರದಲ್ಲಿ ಬರುತ್ತದೆ. ಉಸ್ತಾದ್ ವಜೀಹ್ ಒಂದು ಹಾಸಿಗೆಯ ಪಕ್ಕ ಕೂರುತ್ತಾರೆ. ದಾನ ಕೊಡುವವರಿಗಾಗಿ ಕೆಳಗೆ ಫೋನ್ ನಂಬರು ಓಡುತ್ತದೆ. ಜನ ಇದಕ್ಕೆ ಏನೆನ್ನುತ್ತಾರೆ ಎಂದು ವೇದಿಕೆಯ ಮೇಲಿರುವವರಿಗೆ ಗೊತ್ತಿದೆಯೇ? ನನಗೆ ಗೊತ್ತು. ನಾನು ಮೈಕ್ರೋಬಸ್ಸಿನಲ್ಲಿ ಓಡಾಡುವವಳು. ಒಂದು ದಿನ ನನ್ನ ಮುಂದೆ ಕೂತಿದ್ದ ಹೆಂಗಸು, 'ತುತ್ತು ಬಾಯಿಗಿಡೋ ಹೊತ್ತಿಗೆ ಆ ಮಕ್ಕಳ ಮುಖ ತೋರಿಸ್ತಾರೆ, ಅನ್ನ ಇಳಿಯತ್ತಾ ಹೇಳಿ' ಎಂದಳು. ಡ್ರೈವರ್, 'ತೋರಿಸ್ದಿದ್ರೆ ನೀನು ಕೊಡ್ತಿದ್ದೆಯೇನಕ್ಕ' ಎಂದ. ಹಿಂದಿನಿಂದ ಯಾರೋ, 'ಆ ನಟನಿಗೇನು, ನಗ್ತಾನೆ, ಅಳ್ತಾನೆ, ಹೋಗ್ತಾನೆ. ಅವನ ಜೇಬಿಂದ ಏನು ಬಿಚ್ಚಿದಾನೆ ಕೇಳಿ' ಎಂದ. ಉಸ್ತಾದ್, ಬೇಸರ ಮಾಡಿಕೊಳ್ಳಬೇಡಿ, ನೀವು ಕೊಟ್ಟದ್ದು ನನಗೆ ಗೊತ್ತು. ಆಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಮುದುಕಪ್ಪ, 'ನನ್ನ ಮೊಮ್ಮಗ ಅಲ್ಲೇ ಉಳಿದದ್ದು' ಎಂದ. ನಾನು ನನ್ನ ಬಿಳಿ ಕೋಟನ್ನು ಚೀಲದೊಳಗೆ ಇನ್ನಷ್ಟು ಒಳಗೆ ತಳ್ಳಿದೆ. ಯಾರ ಕಡೆ ಮಾತಾಡಬೇಕೆಂದು ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಆ ಕಾರ್ಯಕ್ರಮದಲ್ಲಿ ನಿಮ್ಮೆಲ್ಲರಿಗೂ ನೆನಪಿರುವ ಹುಡುಗಿ ಒಬ್ಬಳಿದ್ದಾಳೆ. ಈ ಪರದೆಯ ಮೇಲೆ ಆಗಲೇ ತೋರಿಸಿದರಲ್ಲ, ಅವಳೇ. ಮುಖಗವಸಿನ ಮೇಲೆ ಎರಡು ದೊಡ್ಡ ಕಣ್ಣು. ತಹಾನಿ. ಅವಳು ಬಂದಾಗ ಎಂಟು ವರ್ಷ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ. ದಿನಕ್ಕೆ ಇಷ್ಟೇ ಲೋಟ ನೀರು ಎಂದು ಲೆಕ್ಕ. ರಂಜಾನ್ ಬಂದರೆ ನಮ್ಮನ್ನು ಗೇಲಿ ಮಾಡುತ್ತಿದ್ದಳು. 'ಒಂದು ತಿಂಗಳಿಗೇ ಸುಸ್ತಾಗ್ತೀರಲ್ಲ ಸಿಸ್ಟರ್, ನಾನು ವರ್ಷ ಪೂರ್ತಿ ಉಪವಾಸ' ಎನ್ನುತ್ತಿದ್ದಳು. ಮೇಡಂ ಗಾದಾ ಅವರಿಗೆ ನಗುವ ಮಗುವೇ ಬೇಕಿತ್ತು. 'ಅಳೋ ಮಕ್ಕಳನ್ನ ನೋಡಿ ಜನ ಚಾನೆಲ್ ಬದಲಾಯಿಸ್ತಾರೆ, ಸಿಸ್ಟರ್' ಎಂದರು. ನಾನೇ ತಹಾನಿಯನ್ನು ತೋರಿಸಿದೆ.

ಅವಳ ತಾಯಿ ಒಪ್ಪಲಿಲ್ಲ. ದೊಡ್ಡ ಮಗಳ ಹೆಸರು ಹಿಡಿದು ಎಲ್ಲರೂ ಅವಳನ್ನು ಉಮ್ಮ್ ಬದ್ರಿಯಾ, ಬದ್ರಿಯಾಳ ಅಮ್ಮ, ಎಂದೇ ಕರೆಯುತ್ತಿದ್ದರು. ಆ ಬದ್ರಿಯಾಳಿಗೆ ತಮ್ಮೂರಿನದೇ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ತಂಗಿಗೆ ಕಿಡ್ನಿ ಹೋಗಿದೆ ಎಂದು ಗೊತ್ತಾದರೆ ಗಂಡಿನ ಕಡೆಯವರು 'ಇದು ರಕ್ತದಲ್ಲಿ ಬರುವ ಕಾಯಿಲೆ' ಎನ್ನುತ್ತಾರಲ್ಲ. ಹಾಗಾಗಿ ಊರಿನವರಿಗೆ, ತಹಾನಿ ವಾರಕ್ಕೆ ಮೂರು ದಿನ ತಾಂತಾದ ಚಿಕ್ಕಮ್ಮನ ಮನೆಯಲ್ಲಿ ಕುರಾನ್ ಬಾಯಿಪಾಠ ಕಲಿಯುತ್ತಾಳೆ ಎಂದು ಹೇಳಿದ್ದರು. ಆ ತಾಯಿ ನನ್ನ ಕೈ ಹಿಡಿದುಕೊಂಡು, 'ಬ್ಯಾಡಿ ಸಿಸ್ಟರಮ್ಮ, ಬದ್ರಿಯಾ ಮದ್ವೆ ಒಂದು ಮುಗೀಲಿ, ಆಮ್ಯಾಕೆ ನೀವು ಹೇಳ್ದಂಗೆ ಕೇಳ್ತೀನಿ' ಎಂದಳು. ನಾನು ಏನೆಂದೆ? 'ಮುಖಗವಸು ಹಾಕಿರ್ತೀವಿ, ಸ್ವಂತ ಅಜ್ಜಿಗೂ ಗುರುತು ಸಿಗಲ್ಲ. ಹೆಸರು ಹಾಕಲ್ಲ. ನನ್ನ ಮಾತು' ಎಂದೆ. ಆಗ ಹನ್ನೊಂದು ಮಕ್ಕಳಿಗೆ ನಮ್ಮಲ್ಲಿ ಸೋರುವ ನಾಲ್ಕು ಯಂತ್ರಗಳಿದ್ದವು. ಅದನ್ನೂ ಹೇಳಿದೆ. ಒಪ್ಪಿದಳು. ನನ್ನ ಮಾತಿಗೆ ಒಪ್ಪಿದಳು.

ನಾನು ಮಾತು ಉಳಿಸಿಕೊಂಡೆ ಎಂದೇ ಅಂದುಕೊಂಡಿದ್ದೆ. ಪರದೆಯ ಮೇಲೆ ಹೆಸರು ಹಾಕಬೇಡಿ ಎಂದು ಮೇಡಂಗೆ ಹೇಳಿದೆ. ಹಾಸಿಗೆಯ ತಲೆಯ ಹತ್ತಿರದ ಚೀಟಿ ಕಿತ್ತೆ. ಮುಖಗವಸನ್ನು ನಾನೇ ಕಟ್ಟಿದೆ. ಒಬ್ಬರಿಗೆ ಮಾತ್ರ ಹೇಳಲಿಲ್ಲ. ಮಗುವಿಗೆ.

ಉಸ್ತಾದ್ ವಜೀಹ್ ಬಂದು ಪಕ್ಕದಲ್ಲಿ ಕೂತರು. ಒಳ್ಳೆಯ ಮನಸ್ಸಿನವರು, ಬರೆದುಕೊಟ್ಟ ಮಾತು ಬಿಟ್ಟು ತಮ್ಮ ಮಾತಾಡಿದರು. 'ಏನ್ ಪುಟ್ಟಿ, ನಿನ್ನ ಹೆಸರೇನು' ಎಂದು ಕೇಳಿದರು. ಇದರಲ್ಲಿ ಅವರ ತಪ್ಪೇನಿದೆ? ಯಾವ ಮಗುವನ್ನಾದರೂ ಹಾಗೇ ಕೇಳುತ್ತೇವೆ. ತಹಾನಿ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಎರಡು ವರ್ಷದಿಂದ ಸೂಜಿಗೆ ಮುಂಚೆ ನೋಡುವ ಹಾಗೆ ನೋಡಿದಳು. ನೆಟ್ಟಗೆ ಕೂತು, ನಾನು ಕಲಿಸಿದ ಹಾಗೆ, ಗಟ್ಟಿಯಾಗಿ, 'ತಹಾನಿ ಸಬ್ರಿ ಉವೈಸ್, ಕಫ್ರ್ ಅಲ್-ಹಲ್ಫಾ' ಎಂದಳು.

ನಾನು 'ಸರಿ' ಎಂದೆ.

ಹೌದು. ರೂಢಿಯಿಂದ ಬಾಯಿಗೆ ಬಂತು. ನೀವು ಆ ತುಣುಕನ್ನು ಗಮನವಿಟ್ಟು ಕೇಳಿದರೆ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸುತ್ತದೆ. ಜನರಿಗೆ ಅದು ಬಹಳ ಇಷ್ಟವಾಯಿತು. ಆ ಸಂಜೆ ಬಂದಷ್ಟು ಕರೆಗಳು ಹಿಂದೆಂದೂ ಬಂದಿರಲಿಲ್ಲ. ನಮ್ಮ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕಫ್ರ್ ಅಲ್-ಹಲ್ಫಾದಲ್ಲಿಯೂ ಎಲ್ಲರೂ ಟಿವಿ ಮುಂದೆ ಕೂತಿದ್ದರು.

ಮೂರನೆಯ ದಿನ ಗಂಡಿನ ತಾಯಿ ಅವರ ಮನೆಗೆ ಬಂದಳಂತೆ. ಜಗಳವಾಡಲಿಲ್ಲ, ಚಹಾವನ್ನೂ ಮುಟ್ಟಲಿಲ್ಲ. 'ನಿಶ್ಚಯಕ್ಕೆ ನಾವು ಹಾಕಿದ್ ಚಿನ್ನ ನೀವೇ ಇಟ್ಕೊಳ್ರವ್ವ. ನಮ್ಮನೆಗೆ ಗಟ್ಟಿ ಮಕ್ಳು ಬೇಕು' ಎಂದು ಎದ್ದು ಹೋದಳಂತೆ. ತಂದೆ ಸಬ್ರಿ ಆ ಆಸ್ಪತ್ರೆಯ ಹೊಸಿಲು ಇನ್ನು ತುಳಿಯಬಾರದು ಎಂದ. ಯಾರೂ ಗುರುತಿಸದ ಬೇರೆ ಊರಿನ ಆಸ್ಪತ್ರೆಗೆ ಮಗುವನ್ನು ಕರೆದುಕೊಂಡು ಹೋದ. ಅಲ್ಲಿ ಒಂದು ಸಲ ಡಯಾಲಿಸಿಸ್ ಮಾಡಿ, 'ಹೆಸರು ಪಟ್ಟಿಗೆ ಹಾಕಿದ್ದೇವೆ, ಸರದಿ ಬಂದಾಗ ಕರೆಯುತ್ತೇವೆ' ಎಂದರು.

ಡಾಕ್ಟರ್ ಸಾಹೇಬರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ ಡಾಕ್ಟರ್, ಹೆಚ್ಚು ಹೊತ್ತಿಲ್ಲ.

ರಂಜಾನಿನ ಇಪ್ಪತ್ತೇಳನೆಯ ದಿನ ನಾನು ಆ ಊರಿಗೆ ಹೋದೆ. ಡ್ಯೂಟಿಯಿಂದ ನೇರವಾಗಿ, ಕೋಟು ಬಿಚ್ಚದೆ, ಕೈಯಲ್ಲಿ ಒಂದು ಡಬ್ಬಿ ಕಡಲೆ ಮಿಠಾಯಿ ಹಿಡಿದು. ಎಷ್ಟು ಪೆದ್ದಿ ನೋಡಿ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಉಮ್ಮ್ ಬದ್ರಿಯಾ ಬಾಗಿಲನ್ನು ಅರ್ಧ ತೆರೆದಳು. 'ವೋಗಿ ಸಿಸ್ಟರಮ್ಮ, ಅವರಪ್ಪ ಬರೋ ವೊತ್ತಾಯ್ತು' ಎಂದಳು. ಒಳಗಿನಿಂದ, 'ಸಿಸ್ಟರ್ ಬಂದ್ರಾ ಅಮ್ಮಾ' ಎಂದು ಕೇಳಿಸಿತು. ಆ ದನಿಯಲ್ಲಿ ಉಸಿರಿಗಿಂತ ನೀರೇ ಹೆಚ್ಚಿತ್ತು. ಇಪ್ಪತ್ತು ವರ್ಷ ಕೆಲಸ ಮಾಡಿದ ನರ್ಸಿಗೆ ಅಷ್ಟು ಕೇಳಿದರೆ ಸಾಕು, ಎದೆಯಲ್ಲಿ ನೀರು ತುಂಬಿದೆ ಎಂದು ತಿಳಿಯುತ್ತದೆ. ತಾಯಿ ಡಬ್ಬಿಯನ್ನು ನನ್ನ ಕೈಗೇ ವಾಪಸ್ ಕೊಟ್ಟು ಬಾಗಿಲು ಹಾಕಿದಳು.

ನಾನು ಆಂಬುಲೆನ್ಸ್ ಕರೆಯಬಹುದಿತ್ತು. ಪೊಲೀಸರನ್ನು ಕರೆಯಬಹುದಿತ್ತು. ಆ ಬಾಗಿಲನ್ನು ಒದೆಯಬಹುದಿತ್ತು. ಆಸ್ಪತ್ರೆಗೆ ಬಂದು ಏನು ಮಾಡಲಿ ಎಂದು ಕೇಳಿದೆ. 'ಹಬ್ಬದವರೆಗೂ ಸುಮ್ಮನಿರಿ ಸಿಸ್ಟರ್, ಈಗ ಗಲಾಟೆಯಾದ್ರೆ ಪೇಪರಿನವರು ಬರ್ತಾರೆ, ಕಾರ್ಯಕ್ರಮ ನಿಂತುಹೋಗತ್ತೆ' ಎಂದರು. ಯಾರೆಂದು ಹೇಳುವುದಿಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. ನಾನು ಸುಮ್ಮನಿದ್ದೆ. ಇದನ್ನು ಈ ಹಾಳೆಯಲ್ಲಿ ಬರೆದುಕೊಂಡು ಬಂದಿರಲಿಲ್ಲ. ಹಬ್ಬದ ಎರಡನೆಯ ದಿನ ತಹಾನಿ ತೀರಿಕೊಂಡಳು.

ಸಭಿಕರೇ, ನೀವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೀರಿ. ಒಂಬತ್ತು ವರ್ಷದಿಂದ ನನ್ನನ್ನು ತರಕಾರಿ ಅಂಗಡಿಯಲ್ಲಿ, ಮಸೀದಿಯ ಬಾಗಿಲಲ್ಲಿ ನಿಲ್ಲಿಸಿ, 'ಆ ತಹಾನಿ ಹೇಗಿದ್ದಾಳೆ' ಎಂದು ಕೇಳಿದವರು ನೀವೇ. ಉಸ್ತಾದ್, ನಿಮಗೂ ಗೊತ್ತಿರಲಿಲ್ಲ. ಮರುವರ್ಷದ ರಂಜಾನಿನಲ್ಲಿ ಆ ತುಣುಕನ್ನು ಮತ್ತೆ ಹಾಕಿದರು. ನೀವು ನೇರ ಪ್ರಸಾರದಲ್ಲಿ ನನ್ನ ಕಡೆ ತಿರುಗಿ, 'ನಮ್ಮ ತಹಾನಿ ಹೇಗಿದಾಳೆ ಸಿಸ್ಟರ್' ಎಂದು ಕೇಳಿದಿರಿ. ನನ್ನ ಹಿಂದೆ ಹನ್ನೊಂದು ಹಾಸಿಗೆ. ಅದೇ ಸೋರುವ ಯಂತ್ರಗಳು, ಹೊಸದಕ್ಕೆ ಹಣ ಇನ್ನೂ ಸಾಲದು ಎನ್ನುತ್ತಿದ್ದರು. ಏನು ಹೇಳಬೇಕಿತ್ತು ನಾನು? ನೀವೇ ಹೇಳಿ, ಏನು ಹೇಳಬೇಕಿತ್ತು?

'ಚೆನ್ನಾಗಿದ್ದಾಳೆ, ದೇವರ ದಯೆ' ಎಂದೆ.

ಕರೆಗಳು ಬಂದವು. ಯಂತ್ರಗಳು ಬಂದವು. ಅವುಗಳ ಪಕ್ಕ ಮಲಗಿ ಎದ್ದ ಮಕ್ಕಳು ಈಗ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರಲ್ಲಿ ಒಬ್ಬಳಿಗೆ ಮೊನ್ನೆ ಮದುವೆ ನಿಶ್ಚಯವಾಯಿತು, ನಾನೇ ಹೋಗಿ ಸಿಹಿ ತಿಂದು ಬಂದೆ. ಈ ತುಣುಕನ್ನು ಈ ವರ್ಷ ಹಾಕಬೇಡಿ ಎಂದು ಕೇಳೋಣ ಎಂದು ಮನೆಯಿಂದ ಹೊರಟೆ. ಇಲ್ಲಿ ನಿಂತು ಈ ಮಕ್ಕಳ ಮುಖ ನೋಡಿದರೆ ಅದನ್ನು ಕೇಳಲು ಬಾಯಿ ಬರುತ್ತಿಲ್ಲ. ಮೇಡಂ ಗಾದಾ, ನೀವೇ ತೀರ್ಮಾನ ಮಾಡಿ. ನನ್ನ ಕೈಯಲ್ಲಿ ಆಗುವುದಿಲ್ಲ.

ನಾನು 'ಚೆನ್ನಾಗಿದ್ದಾಳೆ' ಎಂದ ಆ ಪ್ರಸಾರದ ಮರುದಿನ ಬೆಳಗ್ಗೆ ವಾರ್ಡಿನ ಫೋನ್ ಬಡಿಯಿತು. ನಾನೇ ಎತ್ತಿದೆ. ಉಮ್ಮ್ ಬದ್ರಿಯಾ. ಮಗಳ ಮೈಯನ್ನು ತನ್ನ ಕೈಯಾರೆ ತೊಳೆದು, ಬಿಳಿ ಬಟ್ಟೆ ಸುತ್ತಿ ಕಳಿಸಿದವಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಆಸೆಯೇ ಇತ್ತು.

'ಸಿಸ್ಟರಮ್ಮ, ನಿನ್ನೆ ಟಿವೀಲಿ ಚೆನ್ನಾಗವ್ಳೆ ಅಂದ್ರಲ್ಲ. ಎಲ್ಲವ್ಳೆ ಯೋಳಿ, ಒಂದ್ಸಲ ನೋಡ್ಕಂಡು ಬತ್ತೀನಿ. ಅವರಪ್ಪಂಗೆ ಯೋಳಲ್ಲ.'

ಅವಳು ಕಾದಳು. ಆಮೇಲೆ, 'ಯೋಳಕ್ಕಾಗ್ದಿದ್ರೆ ಬಿಡಿ. ನೀವು ಯೋಳಿದ್ರಲ್ಲ, ಅದಕ್ಕೆ ಕೇಳ್ದೆ' ಎಂದು ಅವಳೇ ಫೋನ್ ಇಟ್ಟಳು.

ಶಾಲು ಹೊದಿಸಿದ ಅಧ್ಯಕ್ಷರಿಗೆ, ದೂರದಿಂದ ಬಂದ ಉಸ್ತಾದರಿಗೆ, ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ನನ್ನ ಹುಡುಗಿಯರಿಗೆ, ನಂಬಿ ಮಕ್ಕಳನ್ನು ನನ್ನ ಕೈಗೆ ಕೊಟ್ಟ ತಾಯಂದಿರಿಗೆ, ಎಲ್ಲರಿಗೂ ನಾನು ಋಣಿ. ನಾಳೆಯಿಂದ ನನಗೆ ಡ್ಯೂಟಿ ಇಲ್ಲ. ನಮಸ್ಕಾರ.